ಕೆಂಪು ಡಬ್ಬಿ

ಹಾಲಿನ ಡೇರಿಯ ಗೋಡೆಗೆ ದೊಡ್ಡ ಪರದೆ ಬಂದ ದಿನವೇ ಅಲ್ಲಿನ ಕಂಪ್ಯೂಟರ್ ಕೆಲಸದವನ ನೆಮ್ಮದಿ ಹೋಯಿತು. ಯಾವ ಟ್ಯಾಂಕಿನ ಹಾಲು ಎಷ್ಟು ತಣ್ಣಗಿದೆ ಎಂದು ತೋರಿಸುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದು ಡೇರಿಯ ಕಂಪ್ಯೂಟರಿಗೆ ಸೇರಿಸಿದ್ದ. ಪರದೆಯ ಮೇಲೆ ಚೌಕವಾಗಿ ಮೂಡಿದ ಅದನ್ನು ಡೇರಿಯವರು ಡಬ್ಬಿ ಎಂದರು. ಅವನನ್ನು ಡಬ್ಬಿಯಪ್ಪ ಎಂದರು.

ಸಂಜೆ ನಾಲ್ಕಕ್ಕೆ ದೊಡ್ಡ ಸಾಹೇಬರು ಪರದೆ ನೋಡಲು ಬರುವವರಿದ್ದರು. ಮೆಚ್ಚಿದರೆ ಮೂರು ದಿನ ರಜೆ. ತನ್ನ ಅಕ್ಕನ ಮನೆಗೆ ಹೊರಡಲು ಹೆಂಡತಿ ಆಗಲೇ ಚೀಲ ತುಂಬಿಟ್ಟಿದ್ದಳು. "ಈ ಸಲನೂ ಕೈಕೊಟ್ರೆ ನಾನೊಬ್ಳೇ ಹೋಗ್ತೀನಿ. ವಾಪಸ್ ಬರೋ ಮಾತು ಆಮೇಲೆ" ಎಂದಿದ್ದಳು.

ಬೆಳಿಗ್ಗೆಯೇ ಉಗ್ರಾಣದ ಯಜಮಾನರು ಬಂದರು. "ಡಬ್ಬಿಯಪ್ಪಾ, ನಂದೊಂದು ಸಣ್ಣ ಡಬ್ಬಿ. ಖಾಲಿ ಕ್ಯಾನ್ ಎಷ್ಟಿವೆ ಅಂತ ಬಂದ್ರೆ ಸಾಕು."

ಹಾಕಿಕೊಟ್ಟ. ಹಾಲು ಪರೀಕ್ಷಿಸುವ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅವರಿಗೆ ಅಷ್ಟಗಲ, ನನಗೇನೂ ಇಲ್ವಾ?"

ಅವಳಿಗೂ ಒಂದು ಹಾಕಿದ. ಲಾರಿ ಡ್ರೈವರನಿಗೆ ತನ್ನ ಲಾರಿ ಪರದೆಯ ಮೇಲೆ ಓಡಬೇಕಿತ್ತು. ಅದು ಓಡಿ ಓಡಿ ಮೂರನೇ ಟ್ಯಾಂಕಿನ ಮೇಲೇ ಹತ್ತಿ ನಿಂತಿತು. ಒಂದೇ ಚಾಪೆಯಲ್ಲಿ ಮಲಗಿದ ಆರು ಮಕ್ಕಳ ಹಾಗೆ, ಒಂದು ಡಬ್ಬಿ ಮಗ್ಗುಲು ಬದಲಿಸಿದರೆ ಇನ್ನೊಂದು ಹೊರಗೆ ಬೀಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವನಿಗೆ ತಲೆ ಕೆಟ್ಟಿತು. ತನಗೇ ಒಂದು ಡಬ್ಬಿ ಮಾಡಿಕೊಂಡ: 'ಡಬ್ಬಿಯಪ್ಪನ ಕೈ ಖಾಲಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು.' ಅದರ ಹಿಂದೆ ಯಾವ ಮಾಹಿತಿಯೂ ಇರಲಿಲ್ಲ; ಬರೀ ಕೆಂಪು ಬಣ್ಣ.

ಮತ್ತೆ ಬಂದ ಡ್ರೈವರ್ ಅದನ್ನು ಕಂಡು, ಮುಚ್ಚಿದ ಗೇಟು ನೋಡಿದ ಎತ್ತಿನಂತೆ ಹಿಂದಿರುಗಿದ. ಉಳಿದವರೂ ಅಷ್ಟೆ. ಡಬ್ಬಿಯಪ್ಪ ಪರದೆಯನ್ನು ಸಾವಕಾಶವಾಗಿ ಒಪ್ಪ ಮಾಡಿದ.

ನಾಲ್ಕಕ್ಕೆ ಸಾಹೇಬರು ಬಂದರು. "ಎಲ್ಲಾ ಟ್ಯಾಂಕೂ ನಾಲ್ಕು ಡಿಗ್ರಿ. ಭೇಷ್! ಈ ಕೆಂಪಿಂದೇನು?"

ಉಗ್ರಾಣದ ಯಜಮಾನರು ಮುಂದೆ ಬಂದರು. "ಇವನ ಕೈ ಖಾಲಿ ಇದ್ಯೋ ಇಲ್ವೋ ಅಂತ ತೋರಿಸತ್ತೆ ಸಾರ್. ಪಾಪ, ಮಧ್ಯಾಹ್ನದಿಂದ ಒಂದು ಗಳಿಗೆ ಹಸಿರಾಗಿಲ್ಲ."

ಸಾಹೇಬರು ಕರಗಿಹೋದರು. "ಇಷ್ಟು ಕೆಲಸ ಇಟ್ಕೊಂಡವನಿಗೆ ರಜೆ ಹೇಗಯ್ಯಾ ಕೊಡ್ಲಿ? ಹಸಿರಾದ ದಿನ ಹೋಗು."

"ಸಾರ್, ಅದು ನಾನೇ ಸುಮ್ನೆ ಬಳಿದ ಬಣ್ಣ! ಈಗ್ಲೇ ಹಸಿರು ಮಾಡ್ತೀನಿ."

ಸಾಹೇಬರ ಹುಬ್ಬು ಗಂಟಿಕ್ಕಿತು. ಕಣ್ಣು ಮೆಲ್ಲಗೆ ಟ್ಯಾಂಕಿನ ಡಬ್ಬಿಯತ್ತ ಸರಿಯಿತು.

"ಹಾಗಾದ್ರೆ ಆ ನಾಲ್ಕು ಡಿಗ್ರಿನೂ ನೀನೇ ಸುಮ್ನೆ ಬರೆದದ್ದಾ?"

"ಅಯ್ಯೋ, ಅದು ನಿಜ ಸಾರ್!"

"ಯಾವುದು ನಿಜ, ಯಾವುದು ಸುಳ್ಳು, ನನಗೇನು ಗೊತ್ತು? ಇನ್ನು ಮೂರು ದಿನ ಗಂಟೆಗೊಂದ್ಸಲ ಟ್ಯಾಂಕಿಗೆ ಥರ್ಮಾಮೀಟರ್ ಇಳಿಸಿ ತಾಳೆ ನೋಡು."

ಸಾಹೇಬರ ಕಾರು ಹೊರಟಿತು. ಜೇಬಿನಲ್ಲಿ ಹೆಂಡತಿಯ ಕರೆಗೆ ಫೋನು ಗುಂಯ್‌ಗುಡತೊಡಗಿತು. ಅವನು ಥರ್ಮಾಮೀಟರ್ ಹಿಡಿದು ಟ್ಯಾಂಕಿನ ಏಣಿಗೆ ಕಾಲಿಡುತ್ತಿದ್ದಾಗ ಉಗ್ರಾಣದ ಯಜಮಾನರು ಕೆಳಗೆ ಬಂದು ನಿಂತರು.

"ಡಬ್ಬಿಯಪ್ಪಾ, ಆ ಕೆಂಪು ಸುಳ್ಳಂತಲ್ಲ? ಹಾಗಾದ್ರೆ ನಂದಿನ್ನೊಂದು ಸಣ್ಣ ಡಬ್ಬಿ..."