ಇಸಳೂರಿನ ಡಬ್ಬಿ

ಕಿಟಕಿಯಿಂದ ಚೀಲ ಎಸೆದು ಸೀಟು ಹಿಡಿಯುವುದರಲ್ಲಿ ಉಲ್ಲಾಸ ನಾಯ್ಕನಿಗೆ ಮೂರು ವರ್ಷಗಳ ಅನುಭವವಿತ್ತು. ಆದರೂ ೨೦೦೮ರ ಅಕ್ಟೋಬರ್ ಕೊನೆಯ ದಿನ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಎಸೆದ ಚೀಲ ಸಿದ್ದಾಪುರದ ಬಸ್ಸಿನೊಳಗೆ ಬಿತ್ತು. ಅವನು ಮಾತ್ರ ಪಕ್ಕದ ಯಲ್ಲಾಪುರದ ಬಸ್ಸು ಹತ್ತಿದ. ಸೀಟು ಸೀಟಿಗೂ ಬಗ್ಗಿ ಹುಡುಕುತ್ತಿರುವಾಗಲೇ ಸಿದ್ದಾಪುರದ ಬಸ್ಸು ಹೊರಟುಹೋಯಿತು.

ಊಟದ ಡಬ್ಬಿ ಹೋದರೆ ಹೋಗಲಿ. ಚೀಲದಲ್ಲಿ ಸನ್ಮಾನಪತ್ರವಿತ್ತು. ಸಹಕಾರಿ ಸಂಘದ ಯಲ್ಲಾಪುರ ಶಾಖೆಯ ಮ್ಯಾನೇಜರ್ ತಿಮ್ಮಣ್ಣ ಹೆಗಡೆಯವರು ಅಂದು ನಿವೃತ್ತರಾಗುವವರಿದ್ದರು. ಮಧ್ಯಾಹ್ನದೊಳಗೆ ಫ್ರೇಮು ಹಾಕಿಸಿ ನಾಲ್ಕು ಗಂಟೆಗೆ ಓದಬೇಕಾದ ಪತ್ರ ಅದು. ಮೂರು ವರ್ಷದ ಹಿಂದೆ ಉಲ್ಲಾಸನನ್ನು ಶಿರಸಿಯಿಂದ ಯಲ್ಲಾಪುರಕ್ಕೆ ವರ್ಗ ಮಾಡಿದ್ದವರೂ ಇದೇ ಹೆಗಡೆಯವರು. "ಹೋಗೂಕೆ ಮುಂಚೆ ನಿನ್ನ ಶಿರಸಿಗೆ ಹಾಕಿ ಹೋಗ್ತೇನೆ ಮಾರಾಯಾ. ಪತ್ರ ಮಾತ್ರ ಚೊಲೋ ಬರಿ" ಎಂದಿದ್ದರು. ಆರ್ಡರು ಟೈಪಾಗಿ ಅವರ ಮೇಜಿನ ಮೇಲಿತ್ತು. ಸಹಿಯೊಂದೇ ಬಾಕಿ.

ಉಲ್ಲಾಸ ಮಾತು ಕಡಿಮೆಯ ಮನುಷ್ಯ. ಹೇಳಲಾಗದ್ದನ್ನೆಲ್ಲ ಭಾನುವಾರ ಒಬ್ಬನೇ ಕೂತು ಬರೆಯುತ್ತಿದ್ದ. ಒಂದು ಪುಟಕ್ಕೆ ಮೂರು ವಾರ ಬೇಕು. ಆಫೀಸಿನಲ್ಲಿ ಕೂತು ನೆನಪಿನಿಂದ ಬರೆಯಹೋದರೆ "ಸನ್ಮಾನ್ಯರೇ" ಎಂಬಲ್ಲಿಂದ ಪೆನ್ನು ಮುಂದೆ ಹೋಗಲಿಲ್ಲ.

ಆಗ ಶಿರಸಿ ಹತ್ತಿರದ ಇಸಳೂರಿನ ಮನೆಯಲ್ಲಿದ್ದ ಡಬ್ಬಿ ನೆನಪಾಯಿತು. ಹೆಂಡತಿಯ ತಮ್ಮ ತಂದುಕೊಟ್ಟದ್ದು. ಇಟ್ಟಿಗೆಯಷ್ಟು ದೊಡ್ಡ ಕರಿ ಹಾರ್ಡ್‌ಡಿಸ್ಕ್ ಡಬ್ಬಿ, ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ಅದರೊಳಗೆ. "ಇಂಟರ್ನೆಟ್ ತಂತಿಗೆ ಸಿಕ್ಕಿಸಿಟ್ರೆ ಯಾವ ಊರಿಂದ ಬೇಕಾದ್ರೂ ತೆಗೀಬಹುದು ಭಾವ" ಎಂದು ವಿಳಾಸ, ಪಾಸ್‌ವರ್ಡು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಮನೆಯ ಕಂಪ್ಯೂಟರು ನಿನ್ನೆಯಷ್ಟೇ ರಿಪೇರಿಗೆ ಹೋಗಿತ್ತು. ಡಬ್ಬಿ ಮನೆಯಲ್ಲೇ ಇತ್ತು. ಅದರಲ್ಲಿ ಸನ್ಮಾನಪತ್ರದ ಜೊತೆಗೆ ಬೇರೆಯದೂ ಇತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಆಫೀಸಿನ ಕಂಪ್ಯೂಟರಿನಲ್ಲಿ ವಿಳಾಸ ಒತ್ತಿದ. ಪರದೆಯ ಮೇಲೆ ಕೆಂಪು ಅಡ್ಡಗೆರೆಯ ಗುರುತು ಬಂತು. ಆ ಕಂಪ್ಯೂಟರುಗಳೆಲ್ಲ ಹೆಡ್ಡಾಫೀಸಿನ ಹಿಡಿತದಲ್ಲಿದ್ದವು, ಹೊರಗಿನ ವಿಳಾಸ ತೆರೆಯುತ್ತಿರಲಿಲ್ಲ. ಪೆನ್‌ಡ್ರೈವಿನ ತೂತುಗಳಿಗೆ ರಿಜಿಸ್ಟರ್ ಪಾರ್ಸೆಲಿನ ಹಾಗೆ ಅರಗಿನ ಮುದ್ರೆ ಒತ್ತಿದ್ದರು. ಸೈಬರ್ ಕೆಫೆಗೆ ಓಡಿದರೆ ಅದರ ಯಜಮಾನ ಮದುವೆಗೆಂದು ಬಿಳಗಿಗೆ ಹೋಗಿ ಬಾಗಿಲು ಹಾಕಿದ್ದ.

ಉಳಿದವನು ಶಿವಲಿಂಗಪ್ಪ. ಹಾವೇರಿ ಕಡೆಯವನು, ಶಾಖೆಯ ಕಂಪ್ಯೂಟರು ನೋಡಿಕೊಳ್ಳುವವನು, ಗರ್ಭಗುಡಿಯ ಅರ್ಚಕನಷ್ಟು ಕಟ್ಟುನಿಟ್ಟು.

"ಹೊರಗಿನ ಡ್ರೈವ್ ಒಳಗ ಬಿಡೂ ಹಂಗಿಲ್ರಿ ನಾಯ್ಕರ" ಎಂದ ಶಿವಲಿಂಗಪ್ಪ.

"ನನ್ನ ಮನೇದೇ ಮಾರಾಯಾ."

"ನಿಮ್ಮ ಮನೀ ಆದ್ರ ಆಫೀಸಿಗೆ ಹೊರಗ ಅಲ್ಲೇನ್ರಿ?"

ಅಷ್ಟರಲ್ಲಿ ಪಕ್ಕದ ಮೇಜಿನ ಪರಿಮಳಾ ಹೆಗಡೆ ತಲೆ ಹಾಕಿದಳು. "ಪಾಪ, ಉಲ್ಲಾಸಣ್ಣನ ವರ್ಗ ನಿಂತಿರೂದು ಆ ಹಾಳೆ ಮೇಲೆ. ಮಾಡಿಕೊಡಿ ಶಿವಲಿಂಗಪ್ಪ. ಇಲ್ದಿದ್ರೆ ಇವ್ರ ಮೋರೆ ಇನ್ನೂ ಮೂರು ವರ್ಷ ನಾವೇ ನೋಡ್ಬೇಕು."

ಈ ಮಾತು ಶಿವಲಿಂಗಪ್ಪನ ಮನಸ್ಸಿಗೆ ತಾಗಿತು. "ಬರ್ರಿ, ನನ್ನ ಮಶೀನಿಂದ ಎಳೀತೇನಿ. ಒಂದಽ ಫೈಲು ಆರಿಸಿ ತರೂದು ಆಗೂದಿಲ್ಲ, ಇಡೀ ಫೋಲ್ಡರ್ ಬರ್ತೈತಿ. ಹೊರಗಿಂದ ಬಂದದ್ದು ಮೊದಲ ಕಾಮನ್ ಫೋಲ್ಡರ್‌ದಾಗ ಬೀಳ್ತೈತಿ ಮತ್ತ."

ಉಲ್ಲಾಸನಿಗೆ "ಬರ್ರಿ" ಎಂದದ್ದಷ್ಟೇ ಕೇಳಿಸಿತ್ತು. ಅವನು ಆಗಲೇ ಮನೆಗೆ, ಹೆಂಡತಿಗೆ ಫೋನು ಹಚ್ಚಿದ್ದ.

"ತನುಜಾ, ಡಬ್ಬಿ ಮೇಲೆ ದೀಪ ಉಂಟಾ?"

"ಎಂತ ದೀಪ? ಕರೆಂಟೇ ಇಲ್ಲ ಬೆಳಿಗ್ಗಿಂದ. ಊಟ ಮಾಡಿದ್ರಾ?"

ಊಟ ಸಿದ್ದಾಪುರದಲ್ಲಿದೆ ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಪ್ಯೂನ್ ಕೆರಿಯ ಎರಡು ಸಲ ಬಂದು, "ಫ್ರೇಮಿನವ ಕೇಳ್ತಾ ಇದ್ದಾನೆ, ಖಾಲಿ ಗಾಜಿಗೆ ಹಾರ ಹಾಕ್ತೀರಾ ಅಂತ" ಎಂದ. ಎರಡೂವರೆಗೆ ತನುಜಾಳ ಫೋನು ಬಂತು. "ಕರೆಂಟು ಬಂತು. ಹಸಿರು ದೀಪ ಹತ್ತಿದೆ."

ಶಿವಲಿಂಗಪ್ಪ ಗುಂಡಿ ಒತ್ತಿದ. ನೀಲಿ ಪಟ್ಟಿಯೊಂದು ಬಸವನಹುಳದ ಹಾಗೆ ತೆವಳಿತು. ಮೂರು ಗಂಟೆಗೆ ಸನ್ಮಾನಪತ್ರ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಿತ್ತು. ಕೆರಿಯ ಅದನ್ನು ಹಿಡಿದುಕೊಂಡು ಫ್ರೇಮಿನ ಅಂಗಡಿಗೆ ಓಡಿದ. ಬೆಳಗಿನಿಂದ ಮೊದಲ ಬಾರಿಗೆ ಉಲ್ಲಾಸ ಉಸಿರೆಳೆದುಕೊಂಡ.

ಆಗ ಪರಿಮಳಾಳ ಮೇಜಿನಿಂದ ಕೂಗು ಬಂತು. "ಅಯ್ಯೋ ದೇವರೇ! ಆನು ಸತ್ತೋದಿ ಹೇಳಿ ಬರದ್ದ!" ತಾನು ಸತ್ತೆನೆಂದು ಓದಿದ ಗಾಬರಿಗೆ ಅವಳ ಬಾಯಲ್ಲಿ ಮನೆಯ ಹವ್ಯಕ ಮಾತೇ ಬಂದಿತ್ತು.

ಕಾಮನ್ ಫೋಲ್ಡರು ಎಂದರೆ ಶಾಖೆಯ ಎಲ್ಲ ಪರದೆಗಳಿಗೂ ಕಾಣುವ ಜಾಗ. ಉಲ್ಲಾಸನ ಗುಟ್ಟು ಅಲ್ಲಿ ಸಾಲಾಗಿ ಮಲಗಿತ್ತು. ಯಾರಾದರೂ ತೀರಿಕೊಂಡರೆ ಸಂಘದವರು ಶ್ರದ್ಧಾಂಜಲಿ ಬರೆಯಲು ಅವನಿಗೆ ಅರ್ಧ ಗಂಟೆ ಕೊಡುತ್ತಿದ್ದರು. ಮೂರು ವಾರ ಬೇಕಾದವನು ಏನು ಮಾಡಬೇಕು? ಶಾಖೆಯ ಒಬ್ಬೊಬ್ಬರಿಗೂ ಮೊದಲೇ, ನಿಧಾನವಾಗಿ, ಪ್ರೀತಿಯಿಂದ ಬರೆದಿಟ್ಟಿದ್ದ. ದಿನಾಂಕವನ್ನಷ್ಟೇ ಖಾಲಿ ಬಿಟ್ಟಿದ್ದ.

ಒಬ್ಬೊಬ್ಬರೂ ತಮ್ಮ ತಮ್ಮ ಪರದೆಗೆ ಬಗ್ಗಿ ತಾವು ಸತ್ತದ್ದನ್ನು ಓದತೊಡಗಿದರು.

ಮೊದಲು ಮಾತಾಡಿದವನು ಶಿವಲಿಂಗಪ್ಪ. ಅವನ ಕಣ್ಣು ಒದ್ದೆಯಾಗಿತ್ತು. "ಇಷ್ಟ್ ಚಲೋ ಮನುಷ್ಯಾ ಇದ್ನೇನ್ರಿ ನಾನು?"

ಪರಿಮಳಾ ಮೂಗು ಒರೆಸಿಕೊಂಡು, "ಎಲ್ಲಾ ಸರಿ, ಆದ್ರೆ ನಾನು ಹಾಡ್ತಿದ್ದದ್ದು ಬರೀಲೇ ಇಲ್ಲ ನೀವು" ಎಂದು ಆಕ್ಷೇಪಿಸಿದಳು.

ಪತ್ರವನ್ನು ಫ್ರೇಮಿಗೆ ಕೊಟ್ಟು ಬಂದ ಕೆರಿಯ ತನ್ನದನ್ನು ಓದಿಸಿ ಕೈಮುಗಿದು ಕೇಳಿದ. "ಚೊಲೋ ಉಂಟು. ಸಾಯೂ ತನ್ಕ ಯಾಕೆ ಕಾಯೂದು? ಈಗ್ಲೇ ಒಂದು ಪ್ರತಿ ಕೊಡಿ, ಹೆಂಡ್ತಿಗೆ ತೋರಿಸ್ತೆ."

ಅಷ್ಟರಲ್ಲಿ ಒಳಗಿನಿಂದ ಗಂಟೆ ಕೇಳಿಸಿತು. ಉಲ್ಲಾಸ ನೇಣಿಗೆ ನಡೆಯುವವನ ಹಾಗೆ ಮ್ಯಾನೇಜರರ ಕೋಣೆಗೆ ಹೋದ. ತಿಮ್ಮಣ್ಣ ಹೆಗಡೆಯವರ ಎದುರು ವರ್ಗದ ಆರ್ಡರು ಬಿಚ್ಚಿಟ್ಟಿತ್ತು. ಪೆನ್ನಿನ ಟೋಪಿಯೂ ತೆಗೆದಿತ್ತು. ಆದರೆ ಕನ್ನಡಕ ಪರದೆಯ ಮೇಲಿದ್ದ ತಮ್ಮ ಶ್ರದ್ಧಾಂಜಲಿಯ ಕಡೆಗಿತ್ತು.

"ಕೂತ್ಕೋ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಸನ್ಮಾನಪತ್ರದಲ್ಲಿ ಎಲ್ಲರೂ ಸುಳ್ಳು ಬರೀತಾರೆ. ಎದುರಿಗೆ ಕೂತಿರ್ತೇವಲ್ಲ. ಸತ್ತ ಮೇಲೆ ಯಾರೂ ಸುಳ್ಳು ಹೇಳೂದಿಲ್ಲ. ನನ್ನ ಇಷ್ಟು ತಿಳಕಂಡವ ನೀನೊಬ್ನೇ."

ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "'ಯಾರ ಮುಲಾಜಿಗೂ ಬಗ್ಗದ ಇವರು, ಒಮ್ಮೆ ಸಹಿ ಮಾಡಿದ ಆದೇಶವನ್ನು ಕೊನೆಯುಸಿರಿನವರೆಗೂ ಬದಲಿಸಲಿಲ್ಲ.'"

ಉಲ್ಲಾಸ ಮೇಜಿನ ಮೇಲಿದ್ದ ಆರ್ಡರಿನ ಕಡೆ ನೋಡಿದ.

"ನಿನ್ನ ಯಲ್ಲಾಪುರಕ್ಕೆ ಹಾಕಿದ ಆರ್ಡರು ನನ್ನ ಸಹಿಯದ್ದು. ಈಗ ಅದನ್ನ ಬದಲಿಸಿದ್ರೆ ನೀ ಬರ್ದಿದ್ದು ಸುಳ್ಳಾಗ್ತದೆ. ಇಂಥ ಬರವಣಿಗೆ ನನ್ನಿಂದ ಹಾಳಾಗೂದು ಬೇಡ ಮಾರಾಯಾ" ಎಂದು ಹೆಗಡೆಯವರು ಹೊಸ ಆರ್ಡರನ್ನು ನಿಧಾನವಾಗಿ, ಗೌರವದಿಂದ, ಎರಡು ಹೋಳು ಮಾಡಿದರು.

ಅದು ಸಾಲು ತುಂಬಲು ಬರೆದ ಮಾತು ಎಂದು ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಎದುರಿಗೆ ಕೂತವರ ಕಣ್ಣು ತುಂಬಿತ್ತು. ಉಲ್ಲಾಸ ಎರಡೂ ಹೋಳುಗಳನ್ನು ಎತ್ತಿ ಕಸದ ಬುಟ್ಟಿಗೆ ಹಾಕಿ ಹೊರಗೆ ಬಂದ.

ಸನ್ಮಾನ ಮುಗಿದು ಸಂಜೆ ಅವನು ಬಸ್‌ಸ್ಟ್ಯಾಂಡಿಗೆ ಬಂದಾಗ ಕೆರಿಯ ಏದುಸಿರು ಬಿಡುತ್ತ ಹಿಂದೆಯೇ ಓಡಿಬಂದ. "ನೀವು ಇಲ್ಲೇ ಉಳೀತೀರಂತೆ ನಾಯ್ಕರೇ, ಭಾರೀ ಚೊಲೋ ಆಯ್ತು. ಪ್ರತಿ ತೋರಿಸಿದ್ರೆ ಹೆಂಡ್ತಿ ಸಿಟ್ಟಾಗಿ ಕೂತಿದ್ದಾಳೆ. ಅವಳದ್ದೂ ಒಂದು ಬರ್ದಿಡ್ಬೇಕಂತೆ. ಅರ್ಜೆಂಟಿಲ್ಲ."

ಉಲ್ಲಾಸ ಬಸ್ಸಿನ ಬೋರ್ಡನ್ನು ಎರಡು ಸಲ ಓದಿದ. ಚೀಲವಿರಲಿಲ್ಲ. ಕರ್ಚೀಫು ತೆಗೆದು, ಇನ್ನೂ ಎಷ್ಟೋ ವರ್ಷ ಮಾಡಬೇಕಾದ ಹಾಗೆ, ಕಿಟಕಿಯಿಂದ ಸೀಟಿನ ಮೇಲೆ ಹಾಕಿದ.