ನಡುಮನೆಯಲ್ಲಿ ಬಡಿದ ಎಂಜಿನ್

ಮೊದಲು ಒಂದು ಒಗಟು. ಬಡಿತ ಅಂಗಳದಲ್ಲಿ, ತಪಾಸಣೆ ನಡುಮನೆಯಲ್ಲಿ, ಕಷಾಯ ಕುಡಿದವನು ಬೇರೆಯವನು. ಏನದು? ಹೊಳೆಯಲಿಲ್ಲ ಅಂತ ನಾಚಿಕೊಳ್ಳಬೇಡಿ. ಕಾರು ತಯಾರಿಸುವ ಊರಿನ ಮೂವರು ಎಂಜಿನಿಯರುಗಳಿಗೂ ಹೊಳೆಯಲಿಲ್ಲ.

ಎಪ್ಪತ್ತಮೂರನೆಯ ಇಸವಿ ಜನವರಿಯಲ್ಲಿ ನಮ್ಮ ಚಿಕ್ಕಪ್ಪ ಶೇಷಗಿರಿಯವರು ಡೆಟ್ರಾಯಿಟ್ ಹತ್ತಿರ ಕೊಂಡ ಸೆಕೆಂಡ್‌ಹ್ಯಾಂಡ್ ಹಸಿರು ಕಾರಿನ ಎಂಜಿನ್ ಒಳಗೊಳಗೇ ಬಡಿಯುತ್ತಿತ್ತು, ಅಂದರೆ ನಾಕಿಂಗ್ ಹೊಡೆಯುತ್ತಿತ್ತು, ಎಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಕೊಳ್ಳುವ ದಿನ ಹೊಡೆಯಲಿಲ್ಲ. ಮನೆಗೆ ತಂದು, ಆರತಿ ಎತ್ತಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿದ ಮೇಲೆ ಶುರುವಾಯಿತು.

ತುರ್ತು ಏನೆಂದರೆ, ಆ ಭಾನುವಾರ ಇಂದುಮತಿ ಚಿಕ್ಕಮ್ಮ ಮೈಸೂರಿನಿಂದ ಬರುವವರಿದ್ದರು. ಶಿಕಾಗೋಕ್ಕೂ ಡೆಟ್ರಾಯಿಟ್‌ಗೂ ಮೈಸೂರು ಮಂಡ್ಯದಷ್ಟೇ ದೂರ ಎಂದು ಬೆಂಗಳೂರಿನ ಟಿಕೆಟ್ ಏಜೆಂಟ್ ತೀರ್ಮಾನಿಸಿ, ಶಿಕಾಗೋಕ್ಕೇ ಟಿಕೆಟ್ ಮಾಡಿಸಿದ್ದ. ನಡುವೆ ಇರುವುದು ಸುಮಾರು ಮುನ್ನೂರು ಮೈಲಿ. ಕಾರು ಕೊಳ್ಳುವ ತನಕ ಮಗಳನ್ನು ಕಳಿಸುವುದಿಲ್ಲ ಎಂದಿದ್ದ ಮಾವನವರಿಗೆ ಚಿಕ್ಕಪ್ಪ, ಕಾರು ಬೆಣ್ಣೆಯ ಹಾಗೆ ಓಡುತ್ತದೆ, ಸದ್ದೇ ಇಲ್ಲ, ಅಂತ ಬರೆದುಬಿಟ್ಟಿದ್ದರು. ಬರೆದಾಗ ಕಾರು ಇನ್ನೂ ಕೊಂಡಿರಲಿಲ್ಲ, ಆದ್ದರಿಂದ ಸದ್ದೂ ಇರಲಿಲ್ಲ.

ಮೆಕ್ಯಾನಿಕ್ ಹತ್ತಿರ ಹೋಗೋಣ ಅಂತ ನಾನು ಅಂದೆ. ಡೆಟ್ರಾಯಿಟ್‌ನ ಎಂಜಿನಿಯರು ಮೆಕ್ಯಾನಿಕ್‌ನ ಬಾಗಿಲು ತಟ್ಟಿದರೆ ನಮ್ಮ ಕಾಲೇಜುಗಳ ಮರ್ಯಾದೆ ಏನಾದೀತು ಎಂಬ ಪ್ರಶ್ನೆ ಎದ್ದಿತು. ಕೂಡಲೇ ನಾಕಿಂಗ್ ಪರಿಶೀಲನಾ ಸಮಿತಿ ರಚನೆಯಾಯಿತು. ಅಧ್ಯಕ್ಷರು ಚಂದ್ರಮೌಳಿ ಅಂಕಲ್, ಕಾರು ಕಂಪನಿಯ ಸಿಗರೇಟು ಬೂದಿಡಬ್ಬಿ ವಿಭಾಗ. ಸದಸ್ಯರು ಗದಗಿನ ಗುರುಶಾಂತಪ್ಪ ಅಂಕಲ್, ವೈಪರ್ ವಿಭಾಗ. ಚಿಕ್ಕಪ್ಪ ಡಿಕ್ಕಿಯ ಮುಚ್ಚಳ ವಿಭಾಗ. ಮೂವರೂ ತಂತಮ್ಮ ಭಾಗದಲ್ಲಿ ಪ್ರಚಂಡರು. ಎಂಜಿನ್ ಮಾತ್ರ ಯಾರ ಭಾಗಕ್ಕೂ ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನ ಸಭೆ. ಹೊರಗೆ ಮೈನಸ್ ಹದಿನೈದು ಸೆಲ್ಸಿಯಸ್, ಇಲ್ಲಿನವರ ಲೆಕ್ಕದಲ್ಲಿ ಐದು ಡಿಗ್ರಿ ಫ್ಯಾರನ್‌ಹೀಟ್. ಮೂಗು ಕೆಂಪಾಗುವ ಚಳಿಯಲ್ಲಿ ಸಮಿತಿಯು ಬಾನೆಟ್ ತೆರೆಯತಕ್ಕದ್ದಲ್ಲ ಎಂಬ ನಿಯಮವನ್ನು ಮೊದಲು ಅಂಗೀಕರಿಸಲಾಯಿತು. ಹಾಗಾದರೆ ಶಬ್ದವನ್ನು ಕೇಳುವುದು ಹೇಗೆ? ಇಲ್ಲಿ ನನ್ನ ಪ್ರವೇಶ.

ನಾನು ಮೈಸೂರಿನ ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟು, ಇಲ್ಲಿನದನ್ನು ಅರ್ಧದಿಂದ ಹಿಡಿದವನು. ಎರಡು ಅರ್ಧ ಸೇರಿ ಒಂದಾಗುತ್ತದೆ ಅಂತ ನನ್ನ ಲೆಕ್ಕ. ಮೇಷ್ಟ್ರು ಒಪ್ಪಿಲ್ಲ. ಬರುವ ವಿದ್ಯೆ ಒಂದೇ: ಬಾಯಲ್ಲಿ ಯಾವ ಸದ್ದು ಬೇಕಾದರೂ ಮಾಡುವುದು. ಫೋನ್ ಗಂಟೆ ಹೊಡೆದು ಚಿಕ್ಕಪ್ಪನವರನ್ನು ಸ್ನಾನದ ಮನೆಯಿಂದ ಟವೆಲ್‌ನಲ್ಲಿ ಓಡಿಸಿದ್ದೇನೆ. ಹೀಗಾಗಿ, ಹೊರಗೆ ಹೋಗಿ ಎಂಜಿನ್ ಕೇಳಿ, ಒಳಗೆ ಬಂದು ಅದನ್ನು ಸಮಿತಿಯ ಮುಂದೆ ಹಾಜರುಪಡಿಸುವ ಅಧಿಕಾರಿಯಾಗಿ ನನ್ನನ್ನು ನೇಮಿಸಲಾಯಿತು. ಸಂಬಳವಿಲ್ಲ, ಉಪ್ಪಿಟ್ಟು ಉಂಟು.

ಹೋದೆ, ಕೇಳಿದೆ, ಬಂದೆ. ಹಲ್ಲು ಕಟಕಟ ಅನ್ನುತ್ತಿತ್ತು. ಚಂದ್ರಮೌಳಿ ಅಂಕಲ್ ಅದನ್ನೇ ಎಂಜಿನ್ ಅಂದುಕೊಂಡು ಕಣ್ಣು ಮುಚ್ಚಿ ಆಲಿಸಿದರು.

"ಸಣ್ಣ ಸದ್ದು. ಅಗ್ಗದ ಪೆಟ್ರೋಲ್ ಹಾಕಿಸಿದಾರೆ."

ಗುರುಶಾಂತಪ್ಪ ಅಂಕಲ್ ಒಪ್ಪಲಿಲ್ಲ. "ಏ ತಮ್ಮಾ, ಇನ್ನೊಮ್ಮೆ ಬಡಿ ನೋಡೋಣು. ಒಳಗಿಂದ ಬಡಿ."

ಅವರ ಮುಖ ನೋಡಿ ಎದೆಯಾಳದಿಂದ ದಬ್ ದಬ್ ಅಂದೆ. "ನಾ ಹೇಳ್ಲಿಲ್ಲೇನು? ಬೇರಿಂಗ್ ಹೋಗೈತಿ," ಅಂದರು.

ಅಧ್ಯಕ್ಷರು ನನ್ನತ್ತ ನೋಡಿದರು. ಟಿಣ್ ಟಿಣ್ ಅಂದೆ. ಅವರ ಮುಖ ಅರಳಿತು. ಗುರುಶಾಂತಪ್ಪ ಅಂಕಲ್ ನೋಡಿದರೆ ದಬ್ ದಬ್. ನಾನು ಯಾರಿಗೂ ನಿರಾಸೆ ಮಾಡಲಿಲ್ಲ. ನಡುವೆ ಚಿಕ್ಕಪ್ಪ ಮೆಲ್ಲಗೆ, ನಾಳೆ ಶಿಕಾಗೋ ಮುಟ್ಟುತ್ತದಾ ಅಂತ ಕೇಳಿದರು. ಆ ವಿಷಯ ಕಾರ್ಯಸೂಚಿಯಲ್ಲಿ ಇಲ್ಲ ಎಂದು ಅಧ್ಯಕ್ಷರು ತಿಳಿಸಿದರು.

ಅಷ್ಟರಲ್ಲಿ ಚಿಕ್ಕಪ್ಪ ಅಡುಗೆಮನೆಯಿಂದ ಉಪ್ಪಿಟ್ಟು ತಂದರು. ದವಡೆ ನೋಯುತ್ತಿತ್ತು, ಹಸಿವೂ ಇತ್ತು. ಬಾಯಿ ತುಂಬ ತುರುಕಿಕೊಂಡೆ. ನಡುಮನೆ ನಿಶ್ಶಬ್ದವಾಯಿತು.

ಅಧ್ಯಕ್ಷರು ಚಮಚ ಕೆಳಗಿಟ್ಟರು. "ಈಗ ಎಲ್ಲಿದೆ ಸದ್ದು?"

ಗುರುಶಾಂತಪ್ಪ ಅಂಕಲ್ ಕಿವಿಗೊಟ್ಟರು. "ಇಲ್ಲ ಬಿಡ್ರಿ. ನಿಂತೈತಿ."

ದೋಷ ನಿವಾರಣೆಯಾಗಿದೆ ಎಂದು ಸರ್ವಾನುಮತದಿಂದ ಘೋಷಿಸಲಾಯಿತು. ಚಿಕ್ಕಪ್ಪನ ಕಣ್ಣಲ್ಲಿ ನೀರು. ನಾನು ಉಪ್ಪಿಟ್ಟು ನುಂಗಿ, ಕಾರು ಇನ್ನೂ ಬಡೀತಿದೆ ಅಂದೆ. ಹುಡುಗನಿಗೆ ಎಲ್ಲದರಲ್ಲೂ ತಮಾಷೆ ಅಂತ ಮೂವರೂ ನಕ್ಕರು. ಫೋನ್ ಗಂಟೆ ಹೊಡೆದಿದ್ದರ ಫಲ ಹೀಗೆ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಚಿಕ್ಕಪ್ಪನೂ ನಾನೂ ಹೊರಟೆವು. ಆ್ಯನ್ ಆರ್ಬರ್ ಎಕ್ಸಿಟ್ ದಾಟುವಾಗ ಎಂಜಿನ್ ಬಡಿಯಿತು. "ಲೋ, ಬಾಯಿ ಮುಚ್ಕೊಂಡು ಕೂತ್ಕೊ," ಅಂದರು ಚಿಕ್ಕಪ್ಪ. ಕೂತೆ. ಮತ್ತೆ ಬಡಿಯಿತು. ಕಲಮಜೂ ಊರಿನ ಹತ್ತಿರ ಬಾಯಿಗೆ ಮಫ್ಲರ್ ಕಟ್ಟಿಸಿದರು. ಆಮೇಲೂ ಬಡಿದಾಗ, ಮೂಗಿನಿಂದ ಮಾಡುತ್ತಿದ್ದೇನೆಯೇ ಅಂತ ಬಗ್ಗಿ ನೋಡಿದರು. ನನಗೂ ಅನುಮಾನ ಬಂದು ಮೂಗು ಹಿಡಿದು ನೋಡಿಕೊಂಡೆ.

ವಿಮಾನ ನಿಲ್ದಾಣದಲ್ಲಿ ಚಿಕ್ಕಮ್ಮ ರೇಷ್ಮೆ ಸೀರೆಯ ಮೇಲೆ ಯಾರದೋ ಗಂಡಸರ ಕೋಟು ಹಾಕಿಕೊಂಡು ನಿಂತಿದ್ದರು. ಕಾರು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಗ್ಯಾರಿ ಊರು ದಾಟುವ ಹೊತ್ತಿಗೆ ಅವರು ತಲೆ ಎತ್ತಿದರು.

"ಏನೂಂದ್ರೆ, ಏನೋ ಕುಟ್ಟಿದ ಹಾಗೆ ಕೇಳ್ತಿದೆಯಲ್ಲ? ಅಪ್ಪನಿಗೆ ಸದ್ದೇ ಇಲ್ಲ ಅಂತ ಬರೆದಿದ್ರಿ."

ಚಿಕ್ಕಪ್ಪ ಹೀಟರ್ ಜೋರು ಮಾಡಿದರು. ಚಳಿಗಲ್ಲ, ಅದರ ಸದ್ದಿನಲ್ಲಿ ಇದು ಮುಳುಗಲಿ ಅಂತ; ಹೀಟರ್ ಒಂದೇ ಆ ಕಾರಿನಲ್ಲಿ ಸರಿಯಿದ್ದದ್ದು. "ಕಾರಲ್ಲ," ಅಂದರು. "ನಮ್ಮ ಹುಡುಗ. ಅವನಿಗೆ ಹಾಗೆ ಅಭ್ಯಾಸ."

ಚಿಕ್ಕಮ್ಮ ನನ್ನ ಕಡೆ ತಿರುಗಿದರು. ಮಫ್ಲರ್ ಕಟ್ಟಿದ ಬಾಯಿ ನೋಡಿದರು. ನಿಜ ಹೇಳುವ ಅವಕಾಶ ನನಗೆ ಅಪರೂಪಕ್ಕೆ ಸಿಕ್ಕಿತ್ತು. ಮಫ್ಲರ್ ಇಳಿಸಿದೆ.

"ಹೌದು ಚಿಕ್ಕಮ್ಮ, ನಾನೇ," ಅಂತ ಒಂದು ದಬ್ ದಬ್ ಮಾದರಿಯನ್ನೂ ಕೊಟ್ಟೆ.

"ಅಯ್ಯೋ, ಎದೆ ಎಷ್ಟು ಕಟ್ಟಿದೆ ಕೂಸಿಗೆ," ಅಂದ ಅವರು ಚೀಲದಿಂದ ಮೆಣಸು ಜೀರಿಗೆ ಪುಡಿ ತೆಗೆದರು. ದಾರಿಬದಿಯ ಹೋಟೆಲಿನಲ್ಲಿ ಬಿಸಿನೀರು ಕೇಳಿ, ಕಲಸಿ ಕುಡಿಸಿದರು. ಗಂಟಲು ಸುಟ್ಟುಹೋಯಿತು. ಮಿಶಿಗನ್ ಗಡಿ ದಾಟುವಷ್ಟರಲ್ಲಿ ಸದ್ದು ಪೂರ್ತಿ ನಿಂತಿತು. ಚಿಕ್ಕಮ್ಮನ ಕೈಗುಣವನ್ನು ಸಮಿತಿ ಲಿಖಿತವಾಗಿ ಅಭಿನಂದಿಸಿತು.

ಈ ಕೊನೆ ನಾನು ಕಟ್ಟಿದ್ದು. ಕಷಾಯ ಕುಡಿದದ್ದು ನಿಜ, ಮನೆ ಮುಟ್ಟಿದ್ದೂ ನಿಜ. ಸದ್ದು ನಿಂತದ್ದು ಸುಳ್ಳು. ಕಾರು ಇವತ್ತೂ ಬಡಿಯುತ್ತದೆ, ಅದು ಬಡಿದಾಗಲೆಲ್ಲ ನಾನು ಕಷಾಯ ಕುಡಿಯುತ್ತೇನೆ. ಮೊನ್ನೆಯ ಸಭೆಯಲ್ಲಿ, ಕಾರಿಗೆ ವಯಸ್ಸಾಗುತ್ತಿರುವುದರಿಂದ ನನ್ನ ಕಷಾಯಕ್ಕೆ ಮೆಣಸು ಹೆಚ್ಚಿಸತಕ್ಕದ್ದು ಎಂಬ ಠರಾವು ಬಂತು. ಅನುಮೋದಿಸಿದವನು ನಾನೇ.