ಎರಡು ನಿಲಯಗಳ ನಡುವಿನ ಕಾರಿಡಾರು

ವಿಶ್ವವಿದ್ಯಾಲಯದಲ್ಲಿ ಓದುವ ಪ್ರತಿಯೊಬ್ಬರಿಗೂ ವಾಸಕ್ಕೊಂದು ಸ್ಥಳ ಇರತಕ್ಕದ್ದೆಂಬುದು ಸ್ಥಾಪನೆಯ ದಿನದಿಂದಲೂ ಒಪ್ಪಿತವಾದ ಸಂಗತಿ. ಆ ಸ್ಥಳ ಎಲ್ಲಿರತಕ್ಕದ್ದೆಂಬುದು ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ.

ಈ ವರ್ಷ ಬೇರೆ ಊರಿನ ಕಾಲೇಜಿನಿಂದ ವರ್ಗಾವಣೆ ಪಡೆದು ಇತಿಹಾಸ ಪದವಿಯ ಎರಡನೇ ವರ್ಷಕ್ಕೆ ಸೇರಿದ ವಿದ್ಯಾರ್ಥಿನಿಗೆ ಐವತ್ತೊಂದು ವರ್ಷ ವಯಸ್ಸು. ಮಕ್ಕಳನ್ನು ದಡ ಸೇರಿಸಿ, ಹಾಸಿಗೆ ಹಿಡಿದ ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡು, ಆಮೇಲೆ ಪುಸ್ತಕ ಹಿಡಿದವರು. ಸದ್ಯಕ್ಕೆ ತಂಗಿಯ ಮನೆಯ ಪಡಸಾಲೆಯಲ್ಲಿ, ಸೋಫಾದ ಮೇಲೆ, ತಂಗಿಯ ಗಂಡ ಟಿವಿ ಆರಿಸುವುದನ್ನೇ ಕಾಯುತ್ತ ಇದ್ದರು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆಯೊಂದು ಅವರ ಪಾಲಿಗೆ ಈವರೆಗೆ ಬಂದಿರಲಿಲ್ಲ. ಅದಕ್ಕಾಗಿಯೇ ಅವರು ವಿದ್ಯಾರ್ಥಿನಿಲಯದ ಕಚೇರಿಗೆ ಬಂದರು. ತಿಂಗಳ ಕೊನೆಯೊಳಗೆ ನಿಲಯ ಸೇರದವರ ವರ್ಗಾವಣೆ ತಾನಾಗಿಯೇ ರದ್ದಾಗುವುದೆಂಬ ನಿಯಮವೂ ಇತ್ತು.

“ಯಾರ ಅಡ್ಮಿಷನ್ ಅಮ್ಮಾ, ಮಗಳದ್ದಾ?” ಎಂದರು ಗುಮಾಸ್ತರು.

“ನನ್ನದೇ.”

“ಮಗಳನ್ನೇ ಕಳಿಸಿ. ಸಹಿ ಅವಳದ್ದೇ ಆಗ್ಬೇಕು.”

“ನನ್ನದೇ ಅಂದೆನಲ್ಲಪ್ಪಾ. ಮಗಳು ಓದು ಮುಗಿಸಿ ಕೆಲಸಕ್ಕೆ ಹೋಗ್ತಿದ್ದಾಳೆ.”

ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎದುರಿಗಿದ್ದವರ ವಯಸ್ಸು ಅದರಿಂದೇನೂ ಕಡಿಮೆಯಾಗಲಿಲ್ಲ. “ಹಾಗಾದ್ರೆ ಅಪ್ಪ ಅಮ್ಮನ್ನ ಕರ್ಕೊಂಡು ಬನ್ನಿ. ಪೋಷಕರಿಲ್ಲದೆ ಯಾರನ್ನೂ ಸೇರಿಸ್ಕೊಳ್ಳಲ್ಲ.”

“ಅವರಿಬ್ರೂ ತೀರಿಕೊಂಡಿದ್ದಾರೆ.”

“ಸರಿ, ಈ ಸಲಕ್ಕೆ ರಜೆ ಅಂತ ಬರ್ಕೊಳ್ತೀನಿ.”

ಅನಂತರ ಆಯ್ಕೆಯ ಪ್ರಶ್ನೆ ಬಂತು. ಆವರಣದಲ್ಲಿ ಮಹಿಳೆಯರಿಗೆ ಎರಡು ಕಟ್ಟಡಗಳಿವೆ: ಹೊಸಬರ ನಿಲಯ, ಹಿರಿಯರ ನಿಲಯ. ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಪೀಡಿಸುವುದನ್ನು ತಡೆಯಲು ಮಾಡಿದ ನಿಯಮ ಹೀಗಿದೆ: “ಪ್ರಸಕ್ತ ಸಾಲಿನಲ್ಲಿ ಪ್ರವೇಶ ಪಡೆದವರು ಹೊಸಬರು. ಎರಡನೇ ವರ್ಷ ಹಾಗೂ ಅದಕ್ಕೆ ಮೇಲ್ಪಟ್ಟು ಓದುತ್ತಿರುವವರು ಹಿರಿಯರು. ಹೊಸಬರೂ ಹಿರಿಯರೂ ಯಾವ ಕಾರಣಕ್ಕೂ ಒಂದೇ ಸೂರಿನಡಿ ಮಲಗತಕ್ಕದ್ದಲ್ಲ.”

ವಿದ್ಯಾರ್ಥಿನಿ ಈ ಸಾಲಿನಲ್ಲಿ ಪ್ರವೇಶ ಪಡೆದವರು. ಎರಡನೇ ವರ್ಷದಲ್ಲಿ ಓದುತ್ತಿರುವವರು. ಆದ್ದರಿಂದ ಅವರು ತಮ್ಮೊಂದಿಗೆ ತಾವು ಒಂದೇ ಸೂರಿನಡಿ ಮಲಗುವಂತಿರಲಿಲ್ಲ. ಗುಮಾಸ್ತರು ಇದನ್ನು ಎರಡೆರಡು ಸಲ ಓದಿ, ಕಾನೂನಿಗೆ ಕಣ್ಣಿದೆಯೆಂಬ ಸಮಾಧಾನದಿಂದ ವಿಷಯವನ್ನು ಕಿರುಕುಳ ತಡೆ ಸಮಿತಿಗೆ ಒಪ್ಪಿಸಿದರು.

ಸಮಿತಿ ತಡಮಾಡಲಿಲ್ಲ. ಅಧ್ಯಕ್ಷರು ಕುರ್ಚಿ ಕೊಟ್ಟು, ನೀರು ಕೊಡಿಸಿ, ಮೃದುವಾಗಿಯೇ ಕೇಳಿದರು.

“ಹಿರಿಯರಾದ ನಿಮ್ಮಿಂದ ಹೊಸಬರಾದ ನಿಮಗೆ ಏನಾದರೂ ತೊಂದರೆ ಆಗ್ತಿದೆಯಾ?”

“ಇಲ್ಲ.”

“ಇದು ಹೊಸಬರೇ ಹೇಳಿದ್ದಾ, ಇಲ್ಲ ಹಿರಿಯರು ಹೇಳಿಸಿದ್ದಾ?”

“ಸ್ವಾಮಿ, ಇಲ್ಲಿರೋದು ನಾನೊಬ್ಬಳೇ.”

“ಒಬ್ಬರೇ ಇದ್ದಾಗಲೇ ಇಂಥದ್ದು ಜಾಸ್ತಿ ನಡೆಯೋದು. ಹೆದರ್ಬೇಡಿ. ಬೆಳಗ್ಗೆ ಎಷ್ಟೊತ್ತಿಗೆ ಏಳ್ತೀರಿ?”

“ಐದಕ್ಕೆ.”

“ಎಬ್ಬಿಸೋರು ಯಾರು?”

“ನಾನೇ ಏಳ್ತೀನಿ. ಅಭ್ಯಾಸ.”

“ಬಟ್ಟೆ, ಪಾತ್ರೆ?”

“ನಾನೇ ತೊಳೀತೀನಿ. ಮೂವತ್ತು ವರ್ಷದಿಂದ ಮನೆಮಂದೀದೆಲ್ಲಾ ನಾನೇ ತೊಳೆದಿದ್ದೀನಿ.”

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಮಿತಿಯ ಮುಂದೆ ಇಷ್ಟು ಸ್ಪಷ್ಟವಾದ ಪ್ರಕರಣ ಹಿಂದೆಂದೂ ಬಂದಿರಲಿಲ್ಲ. “ನಸುಕಿನಲ್ಲೇ ಎಬ್ಬಿಸಿ, ಇತರರ ಪಾತ್ರೆ ಬಟ್ಟೆ ತೊಳೆಸಿ, ಓದಲು ಬಿಡದೆ ಮೂವತ್ತು ವರ್ಷ ನಡೆಸಿದ ಕಿರುಕುಳ ಮೇಲ್ನೋಟಕ್ಕೇ ಸಾಬೀತಾಗಿದೆ” ಎಂದು ಸಮಿತಿ ಒಮ್ಮತದಿಂದ ನಿರ್ಣಯಿಸಿತು. ತಪ್ಪಿತಸ್ಥರು ಯಾರೆಂಬ ಬಗ್ಗೆ ಚರ್ಚೆ ಬೇಕಾಗಲಿಲ್ಲ. ಮನೆಮಂದಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುವುದಿಲ್ಲ. ವ್ಯಾಪ್ತಿಯಲ್ಲಿದ್ದ ಹಿರಿಯರು ವಿದ್ಯಾರ್ಥಿನಿ ಒಬ್ಬರೇ. ಅವರ ವಯಸ್ಸನ್ನು ಪರಿಗಣಿಸಿ ಎಚ್ಚರಿಕೆ ನೀಡಿ ಬಿಡಲಾಯಿತು.

ಆದೇಶ ಮರುದಿನವೇ ಹೊರಬಿತ್ತು. ವಿದ್ಯಾರ್ಥಿನಿಗೆ ಎರಡೂ ನಿಲಯಗಳಲ್ಲಿ ಒಂದೊಂದು ಕೋಣೆ ಮಂಜೂರಾಯಿತು. ನಿವಾಸಿಗಳು ಇಬ್ಬರಾದ್ದರಿಂದ ಶುಲ್ಕವೂ ಇಬ್ಬರದಾಯಿತು. ಹೊಸಬರ ಕೋಣೆಯ ಬೀಗದ ಕೈ ಹಿರಿಯರ ಕೈಗೆ ಸಿಗಬಾರದೆಂಬ ಕಾರಣಕ್ಕೆ ಅದು ವಾರ್ಡನ್ ಬಳಿ ಉಳಿಯಿತು. ಹಿರಿಯರ ಕೋಣೆಗೆ ಹೊಸಬರು ವರ್ಷ ಮುಗಿಯುವವರೆಗೆ ಕಾಲಿಡುವಂತಿಲ್ಲವಾದ್ದರಿಂದ ಅದಕ್ಕೂ ಬೀಗ ಬಿತ್ತು. ವಿದ್ಯಾರ್ಥಿನಿಗೆ ಎರಡು ಕಟ್ಟಡಗಳನ್ನು ಜೋಡಿಸುವ ಕಾರಿಡಾರಿನಲ್ಲಿ, ಯಾವ ಸೂರಿಗೂ ಪೂರ್ತಿ ಸೇರದ ಜಾಗದಲ್ಲಿ, ಒಂದು ಮಂಚ ಹಾಕಿಸಿಕೊಡಲಾಯಿತು. ಅಲ್ಲಿ ಚಿಲಕವಿರಲಿಲ್ಲ, ಬಾಗಿಲೇ ಇಲ್ಲದ್ದರಿಂದ.

ಖಾಲಿ ಬಿಟ್ಟರೆ ಕೋಣೆಗೆ ಗೆದ್ದಲು ಹಿಡಿಯುತ್ತದೆಂದು ಒಂದರಲ್ಲಿ ವಾರ್ಡನ್‌ರ ಅಣ್ಣನವರು ತಮ್ಮ ಅಂಗಡಿಯ ಹಾಸಿಗೆಗಳನ್ನು ಇಟ್ಟು ಉಪಕಾರ ಮಾಡಿದರು. ಇನ್ನೊಂದರಲ್ಲಿ ಅಧ್ಯಕ್ಷರ ನಾದಿನಿ ಹವಾ ಬದಲಾವಣೆಗೆಂದು ಬಂದು ಉಳಿದರು.

ವಾರ್ಡನ್ ಮೂವತ್ತರ ಹುಡುಗಿ, ಒಳ್ಳೆಯವಳು. “ನೀವು ಪುಣ್ಯವಂತರು ಆಂಟಿ. ಹುಡುಗೀರೆಲ್ಲಾ ಒಂದೊಂದು ರೂಮಲ್ಲಿ ಮೂರು ಮೂರು ಜನ ಇದ್ದಾರೆ. ನಿಮಗೊಬ್ಬರಿಗೇ ಎರಡು ಬಂದಿದೆ.”

“ಎರಡಕ್ಕೂ ಹೋಗೋ ಹಾಗಿಲ್ವಲ್ಲಮ್ಮಾ.”

“ಹೋಗೋದು ಬೇರೆ, ಇರೋದು ಬೇರೆ ಆಂಟಿ. ರೂಮು ನಿಮ್ಮ ಹೆಸರಲ್ಲಿ ಇದೆ. ಒಪ್ಪಿಗೆ ಇಲ್ಲ ಅಂದ್ರೆ ಹೇಳಿ, ವರ್ಗಾವಣೆ ರದ್ದು ಮಾಡಿಸೋಣ.”

ವಿದ್ಯಾರ್ಥಿನಿಗೆ ತಂಗಿಯ ಮನೆಯ ಸೋಫಾ ನೆನಪಾಯಿತು. ಕಾರಿಡಾರಿನಲ್ಲಿ ಟಿವಿ ಇರಲಿಲ್ಲ. ಹಿರಿಯರಾಗಿ ಪೀಡಿಸುವುದಿಲ್ಲವೆಂದು ಒಂದು ಸಹಿ, ಹೊಸಬರಾಗಿ ಪೀಡಿಸಿಕೊಳ್ಳುವುದಿಲ್ಲವೆಂದು ಇನ್ನೊಂದು ಸಹಿ ಹಾಕಿದರು. ಎರಡೂ ಒಂದೇ ತರ ಇವೆಯೆಂದು ಗುಮಾಸ್ತರು ತಕರಾರು ತೆಗೆದಿದ್ದರಿಂದ ಎರಡನೆಯದನ್ನು ಎಡಗೈಯಲ್ಲಿ ಹಾಕಬೇಕಾಯಿತು.

ಹಿರಿಯರೂ ಹೊಸಬರೂ ಪರಸ್ಪರ ಭೇಟಿಯಾಗದಂತೆ ನೋಡಿಕೊಳ್ಳಲು ಕಾವಲಿನವಳೊಬ್ಬಳು ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು.

“ಅಮ್ಮಾ, ಮಲಗೋದಾದ್ರೆ ಇಬ್ರೂ ಒಟ್ಟಿಗೇ ಮಲಗಿಬಿಡಿ. ಒಬ್ಬರು ಎದ್ದಿದ್ರೆ ನಾನೂ ಎದ್ದಿರ್ಬೇಕಾಗತ್ತೆ” ಎಂದಳು.

“ಒಬ್ಬಳಿಗೆ ಪರೀಕ್ಷೆ ಇದೆಯಲ್ಲೇ.”

“ಯಾರಿಗೆ?”

“ಹಿರಿಯಳಿಗೆ. ಹೊಸಬಳು ಮಲಗಿದ್ದಾಳೆ. ನೀನೂ ಮಲಗು.”

ಕಾವಲಿನವಳು ಇದರಲ್ಲಿ ನಿಯಮಭಂಗವೇನೂ ಕಾಣದೆ ಮಲಗಿದಳು.

ಹೀಗೆ ವರ್ಷ ಸುಸೂತ್ರವಾಗಿ ಸಾಗಿದೆ. ಹುಡುಗಿಯರು ಕಾರಿಡಾರಿನಲ್ಲಿ ಹಾದುಹೋಗುವಾಗ ತಪ್ಪದೆ ಎರಡು ಸಲ ನಮಸ್ಕಾರ ಹೇಳುತ್ತಾರೆ. ಅತ್ಯಂತ ಹಳೆಯ ಕಿರುಕುಳವನ್ನು ಬುಡಸಮೇತ ಕಿತ್ತುಹಾಕಿದ್ದಕ್ಕಾಗಿ ಸಮಿತಿಗೆ ಶಾಲು ಹೊದಿಸಿ ಸನ್ಮಾನವಾಯಿತು. ಸಂತ್ರಸ್ತರ ಪರವಾಗಿ ಸ್ವಾಗತ ಭಾಷಣವನ್ನೂ, ತಪ್ಪಿತಸ್ಥರ ಪರವಾಗಿ ವಂದನಾರ್ಪಣೆಯನ್ನೂ ವಿದ್ಯಾರ್ಥಿನಿಯೇ ನೆರವೇರಿಸಿದರು.

ಮೊನ್ನೆ ತಂಗಿ ಫೋನು ಮಾಡಿದ್ದಳು. ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದಾರಂತೆ.

“ಅಕ್ಕಾ, ನಿನಗೆ ಎರಡು ರೂಮು ಸಿಕ್ಕಿದೆಯಂತಲ್ಲ. ಒಂದು ವಾರ ನಾನು ಬಂದಿರ್ಲಾ?”

ವಿದ್ಯಾರ್ಥಿನಿ ಮಂಚದ ಮೇಲೆ ಹರಡಿದ್ದ ಪುಸ್ತಕಗಳನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯನ್ನು ನೋಡಿದರು.

“ಎಲ್ಲಿ ಬರ್ತೀಯೇ,” ಎಂದರು. “ನಮ್ಮಿಬ್ಬರಿಗೇ ಜಾಗ ಸಾಲ್ತಾ ಇಲ್ಲ.”